ಪುಕ್ಕಟೆ ವೆಬ್‌ಸೈಟಿನ ಊಟೋಪಚಾರ

ಸೆಪ್ಟೆಂಬರ್ 9, ಸೋಮವಾರ

ವೆಬ್‌ಸೈಟ್ ಇವತ್ತು ಮತ್ತೆ ಊಟ ಕೇಳಿತು.

ಮಾಂಸ, ಗೆಡ್ಡೆಯ ಹೂರಣ ತುಂಬಿದ ಕಡುಬು ನಮ್ಮ ಪ್ಯಾಸ್ಟಿ; ಬೆಳಗಿನ ಮೊದಲ ತಟ್ಟೆ ಒಲೆಯಿಂದ ತೆಗೆದು ಕೈ ಒರೆಸಿಕೊಳ್ಳುತ್ತಿದ್ದೆ, ಫೋನು ಗುಂಯ್ ಅಂದಿತು. ಗಿರಾಕಿಯ ಪೆಟ್ಟಿಗೆ ಎಲ್ಲಿಗೆ ಹೋಗಬೇಕೆಂದು ನೋಡಿ ಸಾಗಣೆಯ ಖರ್ಚನ್ನು ತಾನೇ ಲೆಕ್ಕ ಹಾಕುವ ಸಲಕರಣೆಯೊಂದು ವೆಬ್‌ಸೈಟಿನೊಳಗಿದೆ. ಅದರ "ಪರಿಚಯದ ಅವಧಿ" ಮುಗಿಯಿತಂತೆ. ಪರಿಚಯವಾದ ಮೇಲೆ ತಿಂಗಳು ತಿಂಗಳೂ ದುಡ್ಡು. ಹೋದ ತಿಂಗಳು ಚಿತ್ರಗಳನ್ನಿಡುವ ಜಾಗ ತುಂಬಿತ್ತು. ಅದಕ್ಕೂ ಹಿಂದೆ ಕಳ್ಳರು ನುಗ್ಗದಂತೆ ಬೀಗ. ಮೂರು ವರ್ಷದ ಹಿಂದೆ ಪಕ್ಕದ ಮನೆಯ ಗ್ಯಾರೆಟ್ ಇದನ್ನು ಕಟ್ಟಿಕೊಟ್ಟಾಗ, "ಪೂರ್ತಿ ಪುಕ್ಕಟೆ ಲೋರ್ನಾ ಆಂಟಿ, ಒಂದು ಡಜನ್ ಪ್ಯಾಸ್ಟಿ ಕೊಟ್ರೆ ಸಾಕು" ಅಂದಿದ್ದ. ದಾನಕ್ಕೆ ಬಂದ ದನದ ಹಲ್ಲು ಎಣಿಸಬಾರದು ಎಂದು ನಾನೂ ಎಣಿಸಲಿಲ್ಲ. ಹಲ್ಲು ಹೋಗಲಿ, ಹೊಟ್ಟೆ ಎಷ್ಟಿದೆ ಎಂದಾದರೂ ನೋಡಬೇಕಿತ್ತು. ಗ್ಯಾರೆಟ್ ಆಮೇಲೆ ಈಜುಕೊಳ ಕಟ್ಟುವ ಕೆಲಸ ಹಿಡಿದು ಅರಿಜೋನಾಕ್ಕೆ ಹೋದ. ದನ ನಮ್ಮ ಕೊಟ್ಟಿಗೆಯಲ್ಲೇ ಉಳಿಯಿತು.

ಹಾಗೆಂದು ಹೊರಗೆ ಹಾಕುವಂತೆಯೂ ಇಲ್ಲ. ತಾಮ್ರದ ಗಣಿ ಮುಚ್ಚಿದ ಮೇಲೆ ನಮ್ಮೂರು ಕ್ಯಾಲುಮೆಟ್ ಬಿಟ್ಟು ಹೋದವರ ಮಕ್ಕಳು, ಮೊಮ್ಮಕ್ಕಳು ದೇಶದ ತುಂಬ ಇದ್ದಾರೆ. ಚಳಿ ಶುರುವಾದರೆ ಸಾಕು, ಎಲ್ಲರಿಗೂ ಪ್ಯಾಸ್ಟಿಯ ನೆನಪು. ನಮ್ಮ ಚಳಿಗಾಲದ ಅರ್ಧ ಸಂಪಾದನೆ ಆ ಪೆಟ್ಟಿಗೆಗಳಿಂದಲೇ ಬರುವುದು.

ಎದುರಂಗಡಿಯ ಕ್ಯಾರೆಟ್‌ರಾಯ ಇವತ್ತು ಬಾಗಿಲಿಗೆ ಹೊಸ ಬಣ್ಣ ಹೊಡೆಸಿದ್ದಾನೆ. ಕಿತ್ತಳೆ ಬಣ್ಣ. ಪ್ಯಾಸ್ಟಿಯ ಹೂರಣಕ್ಕೆ ರುಟಬೇಗ ಗೆಡ್ಡೆ ಹಾಕುವ ಜಾಗದಲ್ಲಿ ಕ್ಯಾರೆಟ್ ಹಾಕುವ ಮನುಷ್ಯನಿಂದ ಇನ್ನೇನು ನಿರೀಕ್ಷಿಸಲು ಸಾಧ್ಯ? ನನ್ನ ಗಂಡ ರಾಯ್ಸ್‌ನ ತಾತ ಟ್ರೆಂಬಾತ್ ಈ ಅಂಗಡಿ ತೆರೆದಾಗ ಗಣಿಗೆ ಇಳಿಯುವವರ ಡಬ್ಬಿಯಲ್ಲಿ ಕ್ಯಾರೆಟ್ ಇತ್ತೇ? ಇರಲಿಲ್ಲ.

ಹತ್ತು ಗಂಟೆಗೆ ಇಂಪಿ ಚಿಕ್ಕಮ್ಮ ಎಂದಿನಂತೆ ಕಾಫಿಗೆ ಬಂದಳು. ಅಮ್ಮನ ಕೊನೆಯ ತಂಗಿ. ಎಂಬತ್ತು ದಾಟಿದರೂ ಊರಿನ ಸುದ್ದಿಯೆಲ್ಲ ಅವಳ ಬಾಯಲ್ಲಿ. ಚರ್ಚಿನ ಛಾವಣಿಯ ಜಗಳ ಹೇಳುತ್ತಿದ್ದಳು. ಕೊನೆ ಕೇಳಲಾಗಲಿಲ್ಲ, ಸಾಗಣೆಯ ಸಲಕರಣೆಗೆ ಕಾರ್ಡಿನ ಸಂಖ್ಯೆ ಕೊಡಬೇಕಿತ್ತು.

ಸೆಪ್ಟೆಂಬರ್ 18, ಬುಧವಾರ

ಪ್ಯಾಸ್ಟಿಯ ಫೋಟೋ ತೆಗೆದೆ. ಹಳೆಯ ಫೋಟೋಗಳು "ಈಗಿನ ಪರದೆಗಳಿಗೆ ಹೊಂದುವುದಿಲ್ಲ" ಎಂದು ಅದೇ ಹೇಳಿತು. ಬಿಸಿ ಪ್ಯಾಸ್ಟಿ ಇಟ್ಟರೆ ಹಬೆ ಬಂದು ಮಸುಕು, ಆರಿದರೆ ಕಣಕ ಸತ್ತಂತೆ ಕಾಣುತ್ತದೆ. ಕಿಟಕಿಯ ಬಳಿ ಇಟ್ಟು, ಒಂದು ಎಲೆ ಇಟ್ಟು, ಎಲೆ ತೆಗೆದು, ಮುರಿದು, ಮುರಿಯದೆ... ಮಧ್ಯಾಹ್ನವಾಯಿತು. ರಸ್ತೆ ಇಲಾಖೆಯಲ್ಲಿ ಕೆಲಸ ಮಾಡುವ ರಾಯ್ಸ್ ಗುಂಡಿ ಮುಚ್ಚಿ ಊಟಕ್ಕೆ ಬಂದವನು, ತಣ್ಣಗಾದ ಹನ್ನೊಂದು ಪ್ಯಾಸ್ಟಿಗಳನ್ನು ನೋಡಿ, "ಯಾರ ತಿಥಿ ಇವತ್ತು?" ಎಂದು ಕೇಳಿದ.

ನಡುವೆ ಚಿಕ್ಕಮ್ಮ ಬಂದು ಪೊರಕೆ, ಮಾರ್ಕ್ವೆಟ್ ಎಂದೇನೋ ಅಂದಳು. ಒಂದು ಪೊರಕೆ ಕೊಳ್ಳಲು ಎರಡು ಗಂಟೆ ದಾರಿ ಸವೆಸಿ ಮಾರ್ಕ್ವೆಟ್‌ಗೆ ಹೋಗುವುದೇ? ಹಿಂಬಾಗಿಲ ಬಳಿಯಿದ್ದ ನಮ್ಮದನ್ನೇ ತಂದುಕೊಟ್ಟೆ. ಸ್ವಲ್ಪ ಹೊತ್ತು ಅದನ್ನೇ ಹಿಡಿದು ನಿಂತಿದ್ದಳು. ಆಮೇಲೆ ತೆಗೆದುಕೊಂಡು ಹೋದಳು. ವಯಸ್ಸಾಯಿತು, ಪಾಪ.

ಅಕ್ಟೋಬರ್ 2, ಬುಧವಾರ

ಯಾರೋ ಓಹಾಯೋದವನು ವೆಬ್‌ಸೈಟಿನಲ್ಲಿ ನಮಗೆ ಐದರಲ್ಲಿ ಒಂದೇ ನಕ್ಷತ್ರ ಕೊಟ್ಟಿದ್ದಾನೆ. "ಪ್ಯಾಸ್ಟಿ ತಣ್ಣಗಿತ್ತು." ತಣ್ಣಗಿರದೆ ಏನು? ಹಿಮಗಟ್ಟಿಸಿ ಕಳಿಸಿದ್ದು! ಬಿಸಿ ಮಾಡುವ ಬಗೆಯನ್ನು ಪೆಟ್ಟಿಗೆಯ ಮೇಲೇ ಅಚ್ಚು ಹಾಕಿಸಿದ್ದೇನೆ.

ಉತ್ತರ ಬರೆದೆ. ಒರಟಾಯಿತೆಂದು ಅಳಿಸಿದೆ. ಮತ್ತೆ ಬರೆದೆ. ಅಷ್ಟರಲ್ಲಿ ಎರಡನೇ ತಟ್ಟೆ ಕರಕಲು. ಗಿರಾಕಿಯೊಬ್ಬ ಬಾಗಿಲಲ್ಲಿ ನಿಂತು ಕಾದು, ಎದುರಂಗಡಿಗೆ ಹೋದ.

ಅಕ್ಟೋಬರ್ 11, ಶುಕ್ರವಾರ

ರಾತ್ರೋರಾತ್ರಿ ವೆಬ್‌ಸೈಟ್ ತನ್ನನ್ನು ತಾನೇ "ಸುಧಾರಿಸಿಕೊಂಡಿದೆ". ಸುಧಾರಣೆಯ ಫಲವಾಗಿ ಕೊಳ್ಳುವ ಗುಂಡಿ ಮಾಯ. ಸಹಾಯಕ್ಕೆಂದು ಬರೆದರೆ, ಆ ಬಗೆಯ ಸಹಾಯ ಮೇಲಿನ ದರ್ಜೆಯ ಚಂದಾದಾರರಿಗೆ ಮಾತ್ರ ಎಂದು ಉತ್ತರ. ಮೇಲಿನ ದರ್ಜೆಗೆ ಏರಿದೆ. ಗುಂಡಿ ಬಂತು.

ಚಿಕ್ಕಮ್ಮ ಈಚೆಗೆ ಬರುತ್ತಿಲ್ಲ. ಅಂಗಡಿ ಶಾಂತವಾಗಿದೆ, ಕೆಲಸಕ್ಕೆ ಅನುಕೂಲ.

ಅಕ್ಟೋಬರ್ 19, ಶನಿವಾರ

ಏನು ಹೇಳಲಿ. ಕಸ ಹಾಕಲು ಹೊರಗೆ ಹೋದಾಗ ಸುಮ್ಮನೆ ಎದುರಂಗಡಿಯ ಕಿಟಕಿ ನೋಡಿದೆ. ಒಳಗೆ ಇಂಪಿ ಚಿಕ್ಕಮ್ಮ! ಒಂದು ಕಣ್ಣಿಗೆ ಪಟ್ಟಿ, ಕೈಯಲ್ಲಿ ಕಾಫಿ ಲೋಟ, ಬಾಯಿ ತುಂಬ ನಗು. ಮುಂದೆ ಕ್ಯಾರೆಟ್‌ರಾಯ ಗಲ್ಲಕ್ಕೆ ಕೈಯಿಟ್ಟು ಕಥೆ ಕೇಳುತ್ತಿದ್ದಾನೆ.

ಕಸದ ಚೀಲ ಹಿಡಿದೇ ಒಳಗೆ ನುಗ್ಗಿದೆ.

"ಚಿಕ್ಕಮ್ಮಾ! ಇಲ್ಲೇನ್ ಮಾಡ್ತಿದೀಯ?"

"ಕಾಫಿ ಕುಡೀತಿದೀನಿ. ಕಾಣ್ತಿಲ್ವಾ? ನಂಗೆ ಒಂದೇ ಕಣ್ಣಲ್ಲೂ ಕಾಣ್ತಿದೆ ನೋಡು."

"ಕಣ್ಣಿಗೇನಾಯ್ತು?"

"ಪೊರೆ ತೆಗೆಸ್ದೆ."

"ಅಯ್ಯೋ, ನಂಗೊಂದ್ ಮಾತು ಹೇಳ್ಬಾರ್ದಾ?"

"ಹೇಳಿದ್ನಲ್ಲೇ. ಪೊರೆ ಬೆಳೆದಿದೆ, ಮಾರ್ಕ್ವೆಟ್‌ಗೆ ಕರ್ಕೊಂಡ್ ಹೋಗ್ತೀಯಾ ಅಂದೆ. ನೀನು ತಲೇನೂ ಎತ್ತದೆ ಪೊರಕೆ ತಂದು ಕೈಗೆ ಕೊಟ್ಟೆ. ಪೊರಕೆ ಮೇಲೆ ಕೂತು ಹಾರ್ಕೊಂಡ್ ಹೋಗು ಅಂತಿದಾಳೇನೋ ಅಂದ್ಕೊಂಡೆ."

ಕ್ಯಾರೆಟ್‌ರಾಯ ಬೇರೆ ಕಡೆ ತಿರುಗಿ ನಿಂತ. ಅವನ ಭುಜ ಕುಣಿಯುತ್ತಿತ್ತು.

"ಹಾಗಾದ್ರೆ ಯಾರು ಕರ್ಕೊಂಡ್ ಹೋದ್ರು?"

"ಇಗೋ, ಈ ಆರ್ವಿಡ್. ತನ್ನ ಅಂಗಡಿ ಬಾಗ್ಲು ಹಾಕಿ ಬಂದ. ದಾರೀಲಿ ಬರೋವಾಗ ಮಾತೂ ಆಡ್ದ. ನೀನು ಮಾತಾಡಿ ಎಷ್ಟು ದಿನ ಆಯ್ತು ಲೋರ್ನಾ? ನಾನು ಬರೋದು ಕಾಫಿಗಲ್ಲ ಕಣೇ. ಕಾಫಿ ನಮ್ಮನೇಲೂ ಇದೆ."

"ಅವನ ಅಂಗಡೀಲಿ ಕ್ಯಾರೆಟ್ ಹಾಕ್ತಾರೆ" ಅಂದೆ. ಚಿಕ್ಕಮ್ಮ, "ಕಣ್ಣಿಗೆ ಒಳ್ಳೇದಂತೆ" ಅಂದಳು.

ಅಕ್ಟೋಬರ್ 20, ಭಾನುವಾರ

ಏಲಕ್ಕಿ ಬ್ರೆಡ್ ಮಾಡಿಕೊಂಡು ಚಿಕ್ಕಮ್ಮನ ಮನೆಗೆ ಹೋದೆ. ಬಾಗಿಲು ತೆರೆದವಳೇ ಮೊದಲು ಪೊರಕೆಯನ್ನು ಕೈಗಿತ್ತಳು. "ನಿನ್ನ ವಾಹನ" ಅಂದಳು. ಇಬ್ಬರೂ ನಕ್ಕೆವು. ಆಮೇಲೆ ನಾನು ಸ್ವಲ್ಪ ಅತ್ತೆ. ಅವಳು ಬ್ರೆಡ್ಡಿಗೆ ಬೆಣ್ಣೆ ಸವರುತ್ತ, "ಏಲಕ್ಕಿ ಇನ್ನೊಂಚೂರು ಬೇಕಿತ್ತು" ಅಂದಳು.

ಎರಡನೇ ಕಣ್ಣಿಗೆ ನವೆಂಬರ್ 21ರಂದು. ನಾನೇ ಕರೆದುಕೊಂಡು ಹೋಗುತ್ತೇನೆ ಎಂದೆ. ಅವಳೇನೂ ನಂಬಿದಂತೆ ಕಾಣಲಿಲ್ಲ.

ನವೆಂಬರ್ 6, ಬುಧವಾರ

ಬೆಳಿಗ್ಗೆ ಲ್ಯಾನ್ಸಿಂಗ್‌ನಿಂದ ನಮ್ಮ ಹಳೆಯ ಗಿರಾಕಿ, ಮೇಷ್ಟ್ರ ಹೆಂಡತಿ, ಫೋನು ಮಾಡಿದಳು.

"ಲೋರ್ನಾ, ನಿಮ್ಮ ಪ್ಯಾಸ್ಟಿ ತಿಂದ್ರೆ ತಿಂಗಳಿಗೆ ಹತ್ತು ಪೌಂಡ್ ಇಳಿಯುತ್ತಾ?"

"ಯಾರಂದ್ರು? ಏರುತ್ತೆ ಬೇಕಾದ್ರೆ."

"ನಿಮ್ಮ ವೆಬ್‌ಸೈಟೇ ಹೇಳ್ತಿದೆಯಲ್ಲ!"

ತೆರೆದು ನೋಡಿದೆ. ಮೇಲೆ ವಿಳಾಸದ ಜಾಗದಲ್ಲಿ ನಮ್ಮದೇ ಹೆಸರು, ಟ್ರೆಂಬಾತ್. ಕೆಳಗೆ ಕಡ್ಡಿಯಂಥ ಹುಡುಗಿಯೊಬ್ಬಳು ಸೊಂಟಕ್ಕೆ ಅಳತೆಪಟ್ಟಿ ಸುತ್ತಿಕೊಂಡು ಹಲ್ಲು ಬಿಡುತ್ತಿದ್ದಾಳೆ. ಹಸಿವೇ ಆಗದ ಮಾತ್ರೆಯ ಜಾಹೀರಾತು! ನನ್ನ ಪ್ಯಾಸ್ಟಿಗಳು ಎಲ್ಲಿಯೂ ಇಲ್ಲ. ಹನ್ನೊಂದು ಪ್ಯಾಸ್ಟಿ ಆರಿಸಿ ತೆಗೆದ ಆ ಫೋಟೋಗಳೂ ಇಲ್ಲ. ನನ್ನ ಇ-ಮೇಲ್ ಕೂಡ ಆ ಹೆಸರಿನದೇ. ಅದೂ ಮೂಕ.

ಗ್ಯಾರೆಟ್‌ಗೆ ಫೋನು ಮಾಡಿದೆ. ಹಿಂದೆ ಗುದ್ದಲಿಯ ಸದ್ದು.

"ಅಯ್ಯೋ ಆಂಟಿ," ಅಂದ. ಸದ್ದಿನಿಂದ ದೂರ ಸರಿದ. "ಆಂಟಿ, ಆ ಹೆಸರು... ಅದು ನನ್ನ ಹೆಸ್ರಲ್ಲೇ ಇತ್ತು."

"ನಿನ್ನ ಹೆಸ್ರು ಟ್ರೆಂಬಾತ್ ಅಲ್ವಲ್ಲೋ!"

"ಅಲ್ಲ ಆಂಟಿ, ವೆಬ್‌ಸೈಟಿನ ವಿಳಾಸ. ಅದನ್ನ ಕೊಳ್ಳೋಕಾಗಲ್ಲ, ವರ್ಷ ವರ್ಷ ಬಾಡಿಗೆಗೆ ಹಿಡೀಬೇಕು. ಆಗ ನನ್ನ ಕಾರ್ಡಿಂದ್ಲೇ ಕಟ್ಟಿದ್ದೆ. ತಾನೇ ಮುಂದುವರೀತಿತ್ತು. ಬೇಸಿಗೇಲಿ ಕಾರ್ಡ್ ಬದಲಾಯ್ತು. ಅವ್ರು ನೆನಪಿನ ಓಲೆ ಕಳ್ಸಿರ್ತಾರೆ, ಆದ್ರೆ ಅದು ನನ್ನ ಹಳೇ ಕಾಲೇಜಿನ ಇ-ಮೇಲ್‌ಗೆ. ಅದನ್ನ ನಾನು ತೆರೆಯೋದೇ ಇಲ್ಲ."

ಬಾಡಿಗೆ ತಪ್ಪಿದ ಕೂಡಲೇ ಯಾರೋ ಹೊಂಚು ಹಾಕಿ ಕೂತವನು ಹೆಸರನ್ನು ಎತ್ತಿಕೊಂಡಿದ್ದಾನೆ. ಇಂಥ ಹೆಸರುಗಳನ್ನು ಹೆಕ್ಕುವುದೇ ಅವನ ಕಸುಬಂತೆ.

ಕ್ರಿಸ್‌ಮಸ್ಸಿನ ಪೆಟ್ಟಿಗೆಗಳಿಗೆ ಜನ ಹೇಳಿಕಳಿಸುವುದು ಈ ಎರಡು ವಾರಗಳಲ್ಲೇ. ಆದರೂ ಆ ಕಡ್ಡಿ ಹುಡುಗಿಯನ್ನು ನೆನೆದರೆ ನಗು ತಡೆಯುವುದಿಲ್ಲ.

ನವೆಂಬರ್ 8, ಶುಕ್ರವಾರ

ಹೆಸರು ಎತ್ತಿಕೊಂಡವನು ಬೆಲೆ ಹೇಳಿದ್ದಾನೆ. ಎರಡು ಸಾವಿರದ ಎಂಟುನೂರು ಡಾಲರ್. ಅವನ ಹೆಸರು, ಊರು ಯಾವುದೂ ಇಲ್ಲ, "ಶುಭದಿನ" ಎಂಬ ಹಾರೈಕೆ ಮಾತ್ರ ಇದೆ.

ರಾಯ್ಸ್ ಕೊಟ್ಟುಬಿಡೋಣ ಅಂದ. ಅವನು ಇಷ್ಟು ಕೆಂಪಗಾದದ್ದನ್ನು ನಾನು ನೋಡೇ ಇರಲಿಲ್ಲ. "ತಾತನ ಹೆಸ್ರು ಕಣೇ ಅದು! ಗಣೀಲಿ ಬೆನ್ನು ಮುರ್ಕೊಂಡ್ ಕಟ್ಟಿದ್ದು. ಯಾವನೋ ಮಾತ್ರೆ ಮಾರ್ಕೊಂಡು ಕೂತ್ಕೋತಾನೆ ಅಂದ್ರೆ?"

"ಹಿಂದಿನ ಒಲೆ ಈ ಚಳಿಗಾಲ ತಡೆಯಲ್ಲ ಅಂತ ನೀನೇ ಅಂದೆ. ಆ ದುಡ್ಡು ಅದಕ್ಕಿಟ್ಟಿದ್ದು."

"ಒಲೆ ಇನ್ನೊಂದ್ ವರ್ಷ ಬರುತ್ತೆ."

"ಮುಂದಿನ ವರ್ಷ ಇವ್ನು ಇನ್ನೇನ್ ಕೇಳ್ತಾನೋ?"

ಮಾತು ಬೆಳೆಯಿತು. ಅದೇ ಹೊತ್ತಿಗೆ ಬಾಗಿಲ ಗಂಟೆ ಸದ್ದಾಯಿತು. ಎದುರಂಗಡಿಯ ಕ್ಯಾರೆಟ್‌ರಾಯ, ಆರ್ವಿಡ್ ಮೊಯಿಲಾನೆನ್. ಅಂಗಡಿ ತೆರೆದ ಈ ಹನ್ನೆರಡು ವರ್ಷಗಳಲ್ಲಿ ನಮ್ಮ ಹೊಸ್ತಿಲು ತುಳಿದವನಲ್ಲ. ಟೋಪಿ ತೆಗೆದು ನಿಂತ.

"ಅಮ್ಮಾವ್ರೇ, ನಿಮ್ಮ ಪ್ಯಾಸ್ಟಿ ತಿಂದು ಸಣ್ಣ ಆಗೋಣ ಅಂತ ಬಂದೆ."

ರಾಯ್ಸ್ ಮುಷ್ಟಿ ಬಿಗಿದ. ಮೊಯಿಲಾನೆನ್ ಅವಸರವಾಗಿ, "ತಮಾಷೆಗೆ, ತಮಾಷೆಗೆ. ಕೂತ್ಕೋಬಹುದಾ?" ಅಂದು ಕೂತೇಬಿಟ್ಟ.

ಅವನ ವೆಬ್‌ಸೈಟಿನ ಕಥೆ ಕೇಳಿದರೆ ನಮ್ಮದೇ ವಾಸಿ. ನಾವು ಪುಕ್ಕಟೆಗೆ ಬಿದ್ದೆವು, ಅವನು ದುಬಾರಿಯದಕ್ಕೆ. ಡೆಟ್ರಾಯಿಟ್‌ನ ಒಂದು ಕಂಪನಿ ಎಲ್ಲವನ್ನೂ ತಾನೇ ನೋಡಿಕೊಳ್ಳುತ್ತೇನೆ ಎಂದಿತಂತೆ. ನೋಡಿಕೊಳ್ಳುತ್ತಲೂ ಇದೆ. ಫೋಟೋ ಅವರದು, ಬರಹ ಅವರದು, ಗಿರಾಕಿಗಳ ವಿಳಾಸವೂ ಅವರ ಪೆಟ್ಟಿಗೆಯಲ್ಲಿ. "ಬಿಡ್ತೀನಿ ಅಂದ್ರೆ ಬರಿಗೈಲಿ ಬಿಡ್ಬೇಕು. ಏಳು ವರ್ಷದಿಂದ ಕಟ್ತಿದೀನಿ ಅಮ್ಮಾವ್ರೇ. ಕಟ್ಟಿಸ್ಕೊಂಡ ಹಲ್ಲು ಇದ್ದ ಹಾಗೆ. ಕಚ್ಚೋಕೂ ಆಗಲ್ಲ, ಕೀಳೋಕೂ ಆಗಲ್ಲ."

"ಮತ್ತೆ ಇಷ್ಟು ದಿನ ಜಂಬದಿಂದ ಮೆರೀತಿದ್ರಲ್ಲ?" ಅಂದೆ.

"ನೀವು ಎದುರಿಗೆ ಇದ್ರಲ್ಲ, ಮೆರೀದೆ ಏನ್ ಮಾಡ್ಲಿ?"

ರಾಯ್ಸ್‌ಗೇ ಮೊದಲು ನಗು ಬಂತು. ಕಾಫಿ ಕೊಟ್ಟೆ. ಆ ಹೆಸರಿಗೆ ಒಂದು ಕಾಸೂ ಕೊಡಬೇಡಿ, ಮಾರುವವನಿಗೆ ಬೇರೆ ಗಿರಾಕಿ ಯಾರಿದ್ದಾರೆ ಎಂದು ಅವನು ಹೇಳಿದ. ರಾಯ್ಸ್ ಒಪ್ಪಲಿಲ್ಲ.

ನವೆಂಬರ್ 10, ಭಾನುವಾರ

ರಾಯ್ಸ್‌ನನ್ನು ಒಪ್ಪಿಸಿದ್ದು ಚಿಕ್ಕಮ್ಮ. ಊಟಕ್ಕೆ ಬಂದವಳು ಅವನ ವಾದವನ್ನೆಲ್ಲ ಕೇಳಿ, ಹೊಸ ಕಣ್ಣಿನಿಂದ ಅವನನ್ನೇ ದಿಟ್ಟಿಸಿದಳು.

"ನಿಮ್ಮ ತಾತನ ಹೆಸ್ರು ಅಂಗಡಿ ಹಲಗೆ ಮೇಲಿದೆ. ಗೋರಿಕಲ್ಲಿನ ಮೇಲಿದೆ. ಅವರ ಮೂಗು ನಿನ್ನ ಮುಖದ ಮೇಲಿದೆ. ಈ ಮೂಗನ್ನ ಯಾವನೂ ಎತ್ಕೊಂಡ್ ಹೋಗಲ್ಲ ಬಿಡು, ಹೊರೋಕೇ ಆಗಲ್ಲ."

ರಾಯ್ಸ್ ಮೂಗು ಮುಟ್ಟಿ ನೋಡಿಕೊಂಡ. ಒಲೆಯ ದುಡ್ಡು ಒಲೆಗೇ ಎಂದು ತೀರ್ಮಾನವಾಯಿತು.

ನವೆಂಬರ್ 12, ಮಂಗಳವಾರ

ಹೊಸ ಹೆಸರು ಹಿಡಿದೆವು. ಕ್ಯಾಲುಮೆಟ್ ಪ್ಯಾಸ್ಟಿ, ಅಷ್ಟೇ. ಈ ಸಲ ನನ್ನ ಹೆಸರಲ್ಲಿ, ನನ್ನ ಕಾರ್ಡಿನಲ್ಲಿ, ಹತ್ತು ವರ್ಷಕ್ಕೆ. ಆರ್ವಿಡ್ ಪಕ್ಕದಲ್ಲಿ ಕೂತಿದ್ದ. ಪುಟ ಕಟ್ಟುವ ಕಂಪನಿಗೆ ಫೋನು ಮಾಡಿ, ಸಿಕ್ಕ ಹುಡುಗನನ್ನು ನಾನು ಬಿಡಲಿಲ್ಲ.

"ಮೊದಲನೇ ವರ್ಷದ್ದು ಬೇಡಪ್ಪ, ಐದನೇ ವರ್ಷ ಎಷ್ಟು ಅಂತ ಹೇಳು. ನಾನು ಬಿಟ್ಟು ಹೋದ್ರೆ ನನ್ನ ಗಿರಾಕಿಗಳ ವಿಳಾಸ ನನ್ನ ಜೊತೆ ಬರುತ್ತಾ? ನೀವು ಅಂಗಡಿ ಮುಚ್ಚಿದ್ರೆ? ನಾನು ಸತ್ರೆ?"

"ಮೇಡಂ, ಇದುವರೆಗೆ ಇದನ್ನೆಲ್ಲ ಯಾರೂ ಕೇಳಿಲ್ಲ."

"ಅದಕ್ಕೇ ನೀವು ಚೆನ್ನಾಗಿದೀರಿ. ಹೇಳಪ್ಪ."

ರಾಯ್ಸ್ ಬಾಗಿಲಲ್ಲಿ ನಿಂತು, "ಮದುವೆಗೆ ಮುಂಚೆ ನನ್ನನ್ನೂ ಇಷ್ಟು ಕೇಳಿರ್ಲಿಲ್ಲ ನೀನು" ಅಂದ.

ಒಂದೇ ಪುಟ. ಮೇಲೆ ಫೋನಿನ ಸಂಖ್ಯೆ. ತಾನೇ ಲೆಕ್ಕ ಹಾಕುವುದು, ತಾನೇ ಸುಧಾರಿಸಿಕೊಳ್ಳುವುದು ಯಾವುದೂ ಬೇಡ ಎಂದೆ. ಬೇಕಾದವರು ಫೋನು ಮಾಡಲಿ. ಆದರೆ ಬೇಕಾದವರಿಗೆ ಈ ಹೊಸ ಹೆಸರು ತಿಳಿಯುವುದು ಹೇಗೆ?

ನವೆಂಬರ್ 15, ಶುಕ್ರವಾರ

ಜಿಂಕೆ ಬೇಟೆಯ ಮೊದಲ ದಿನ. ಬೆಳಕು ಹರಿಯುವ ಮೊದಲೇ ಬಾಗಿಲಲ್ಲಿ ಸಾಲು. ಎಲ್ಲರ ಜೇಬಿನಲ್ಲೂ ಒಂದೊಂದು ಬಿಸಿ ಪ್ಯಾಸ್ಟಿ. ಕೈ ಸೋತಿದೆ. ಬರೆಯಲಾರೆ.

ನವೆಂಬರ್ 17, ಭಾನುವಾರ

ಗ್ಯಾರೆಟ್ ಹುಡುಗ ಒಳ್ಳೆಯವನು. ಹಳೆಯ ಸೈಟಿನ ಖಾತೆ ಅವನ ಹತ್ತಿರ ಇನ್ನೂ ಇತ್ತಂತೆ. ಅದರೊಳಗೆ ಹೊಕ್ಕು ಗಿರಾಕಿಗಳ ವಿಳಾಸಗಳನ್ನೆಲ್ಲ ಕಳಿಸಿದ್ದಾನೆ. "ತಪ್ಪಾಯ್ತು ಆಂಟಿ. ನಿಮ್ಗೊಂದು ಈಜುಕೊಳ ಬೇಕಾದ್ರೆ ಪುಕ್ಕಟೆ ಕಟ್ಟಿಕೊಡ್ತೀನಿ" ಎಂದು ಕೆಳಗೆ ಬರೆದಿದ್ದ. ಪುಕ್ಕಟೆ ಎಂಬ ಮಾತು ಓದಿದ ಕೂಡಲೇ ಬೇಡಪ್ಪ ಎಂದು ಉತ್ತರಿಸಿದೆ.

ಅಂಚೆ ಕಾರ್ಡು ಬರೆಯುವುದೆಂದು ನಿಶ್ಚಯಿಸಿ ಅಂಗಡಿಯ ಮೇಜುಗಳನ್ನು ಜೋಡಿಸಿದೆವು. ಚಿಕ್ಕಮ್ಮ, ರಾಯ್ಸ್, ನಾನು. ಆರ್ವಿಡ್ ಕೂಡ ಲೇಖನಿ ಹಿಡಿದು ಬಂದ. "ನಿಮಗ್ಯಾಕೆ ಈ ಉಪಕಾರ?" ಎಂದು ಕೇಳಿದೆ. "ಭಾನುವಾರ ಮನೇಲಿ ನಾನೊಬ್ನೇ ಅಮ್ಮಾವ್ರೇ" ಅಂದ. ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಯಿತಂತೆ. ರಸ್ತೆಯ ಆ ಬದಿಯದು, ನನಗೆ ಲೆಕ್ಕವೇ ಇರಲಿಲ್ಲ.

ರಾಯ್ಸ್‌ನ ಅಕ್ಷರ ಹಿಮ ಗೋರುವ ಲಾರಿ ಜಾರಿದಂತಿದೆ. ಅವನಿಗೆ ಅಂಚೆಚೀಟಿ ಅಂಟಿಸುವ ಕೆಲಸ ಕೊಟ್ಟೆವು.

ನವೆಂಬರ್ 21, ಗುರುವಾರ

ಚಿಕ್ಕಮ್ಮನನ್ನು ಮಾರ್ಕ್ವೆಟ್‌ಗೆ ಕರೆದುಕೊಂಡು ಹೋದೆ. ಕಾರ್ಡುಗಳು ತಲುಪುವ ವಾರ ಇದು, ಫೋನು ಬರಲು ಶುರುವಾಗಿತ್ತು. ಹಾಗಾಗಿ ಫೋನನ್ನು ಆರ್ವಿಡ್‌ಗೆ ಕೊಟ್ಟು ಹೋದೆ. ಅವನು ರಸ್ತೆಯ ಈ ಬದಿಗೂ ಆ ಬದಿಗೂ ಓಡಾಡುತ್ತ ಎರಡು ಅಂಗಡಿಯನ್ನೂ ನೋಡಿಕೊಂಡ.

ದಾರಿಯುದ್ದಕ್ಕೂ ಚಿಕ್ಕಮ್ಮ ತನ್ನ ಮದುವೆಯ ಕಥೆ ಹೇಳಿದಳು. ನನಗೆ ಗೊತ್ತಿದೆ ಎಂದುಕೊಂಡಿದ್ದೆ. ಗೊತ್ತಿರಲಿಲ್ಲ. ಚಿಕ್ಕಪ್ಪನಿಗಿಂತ ಮೊದಲು ಒಬ್ಬ ಅಕಾರ್ಡಿಯನ್ ನುಡಿಸುವವನಿದ್ದನಂತೆ! ಅವನು ಮೀನಿನ ದೋಣಿಯಲ್ಲಿ ಬಂದು ಇವಳ ಕಿಟಕಿಯ ಕೆಳಗೆ ನುಡಿಸಿದನಂತೆ. ಇವಳ ಅಪ್ಪ ಒಂದು ಬಕೆಟ್ ತಣ್ಣೀರು ಸುರಿದರಂತೆ. ಅವನು ನಿಲ್ಲಿಸದೆ ಹಾಡು ಮುಗಿಸಿಯೇ ಹೋದನಂತೆ. "ಅಷ್ಟು ಚಳೀಲಿ ತಾಳ ತಪ್ಪಲಿಲ್ಲ ಕಣೇ" ಎಂದು ಚಿಕ್ಕಮ್ಮ ಕಿಟಕಿಯಾಚೆ ನೋಡಿದಳು. ನಾನು ಕಾರನ್ನು ಬೇಕೆಂದೇ ನಿಧಾನ ಓಡಿಸಿದೆ.

ಹಿಂದಿರುಗುವಾಗ ಎರಡನೇ ಕಣ್ಣಿಗೆ ಪಟ್ಟಿ. ಮತ್ತೆ ಕಥೆ. ಅಂಗಡಿಗೆ ಬಂದರೆ ಆರ್ವಿಡ್ ಎರಡೂ ಕೈಗೆ ಹಿಟ್ಟು ಮೆತ್ತಿಕೊಂಡು, ಫೋನನ್ನು ಭುಜ ಮತ್ತು ಕಿವಿಯ ನಡುವೆ ಒತ್ತಿ ಹಿಡಿದು, "ಇಲ್ಲ ತಾಯಿ, ಇದು ತೂಕ ಇಳಿಸೋ ಅಂಗಡಿ ಅಲ್ಲ, ಏರಿಸೋದು" ಎನ್ನುತ್ತಿದ್ದ.

ಡಿಸೆಂಬರ್ 3, ಮಂಗಳವಾರ

ಒಂದು ವಿಚಿತ್ರ. ಫೋನು ಮಾಡುವವರಲ್ಲಿ ನಾಲ್ವರಿಗೊಬ್ಬರು ಕ್ಯಾರೆಟ್ ಪ್ಯಾಸ್ಟಿ ಕೇಳುತ್ತಾರೆ. ನಾವು ಮಾಡುವುದಿಲ್ಲ ಎಂದರೆ, "ಕಾರ್ಡಿನಲ್ಲಿ ಬರೆದಿದ್ದೀರಲ್ಲ" ಎನ್ನುತ್ತಾರೆ. ಇವತ್ತು ಟೆಕ್ಸಸ್‌ನ ಹೆಂಗಸೊಬ್ಬಳಿಗೆ ಕಾರ್ಡು ಓದಿ ಹೇಳಮ್ಮ ಎಂದೆ. ನಮ್ಮ ಮಾತೆಲ್ಲ ಮುಗಿದ ಮೇಲೆ, ಕೆಳಗೆ ಚಿಕ್ಕದಾಗಿ, "ಕ್ಯಾರೆಟ್ಟಿನದೂ ಸಿಗುತ್ತದೆ, ಕೇಳಿ ನೋಡಿ" ಎಂದಿದೆಯಂತೆ!

ರಸ್ತೆ ದಾಟಿ ಹೋದೆ.

"ಆರ್ವಿಡ್ ಮೊಯಿಲಾನೆನ್! ನನ್ನ ಕಾರ್ಡಲ್ಲಿ ಏನ್ ಬರೆದೆ ನೀನು?"

"ಸುಳ್ಳೇನೂ ಬರೀಲಿಲ್ವಲ್ಲ. ಸಿಗುತ್ತೆ. ಎದುರಂಗಡೀಲಿ."

"ಎಷ್ಟು ಕಾರ್ಡಲ್ಲಿ?"

"ನಾನು ಬರೆದಿದ್ದರಲ್ಲಿ ಮಾತ್ರ. ನಿಮ್ಮ ಚಿಕ್ಕಮ್ಮ ಬರೆದ ಅರ್ಧದಲ್ಲೂ."

ಚಿಕ್ಕಮ್ಮ! ಬೈಯಬೇಕೆಂದೇ ಹೋಗಿದ್ದೆ. ಆದರೆ ಅವನು ತಲೆ ಕೆಳಗೆ ಹಾಕಿ, "ನಾನೂ ಆ ಹಲ್ಲನ್ನ ಕಿತ್ತಾಕ್ದೆ ಲೋರ್ನಾ. ಡೆಟ್ರಾಯಿಟ್‌ನೋರಿಗೆ ನಿನ್ನೆ ಬರೆದೆ. ಬರಿಗೈಲಿ ಬಿಟ್ಟೆ" ಅಂದ. ಏಳು ವರ್ಷದ ಗಿರಾಕಿಗಳು ಹೋದರು. ಕ್ರಿಸ್‌ಮಸ್ಸಿಗೆ ಮೂರು ವಾರ ಇರುವಾಗ!

ಒಂದೇ ಪುಟದಲ್ಲಿ ಇಬ್ಬರದೂ ಹಾಕಿದರಾಯಿತು ಎಂದೆ. ಬಾಡಿಗೆ ಅರ್ಧ ಅರ್ಧ. ಹೇಗೂ ಫೋನು ಅವನೂ ಎತ್ತುತ್ತಿದ್ದಾನೆ. ರುಟಬೇಗ ಮಾತ್ರ ಮೇಲಿರಬೇಕು ಎಂದು ಖಂಡಿತವಾಗಿ ಹೇಳಿದ್ದೇನೆ.

ಡಿಸೆಂಬರ್ 14, ಶನಿವಾರ

ಹಳೆಯ ಸೈಟಿದ್ದ ವರ್ಷದಷ್ಟು ಪೆಟ್ಟಿಗೆ ಹೋಗಲಿಲ್ಲ. ಸ್ವಲ್ಪ ಕಡಿಮೆಯೇ. ಆದರೆ ಗಿರಾಕಿಗಳು ಕೊಟ್ಟ ದುಡ್ಡು ಅಲ್ಲಲ್ಲಿ ಸೋರಿಹೋಗದೆ ಗಲ್ಲಾಪೆಟ್ಟಿಗೆಗೇ ಬಿದ್ದಿದೆ ಎಂದು ರಾಯ್ಸ್ ಅಂದ. ಹೊಸ ಒಲೆ ಬಂತು. ಹಿಂಬಾಗಿಲಲ್ಲಿ ತೂರಲಿಲ್ಲ. ರಾಯ್ಸ್ ಮತ್ತು ಆರ್ವಿಡ್ ಬಾಗಿಲನ್ನೇ ಕಿತ್ತು ಒಳಗೆ ತಂದರು. ಮತ್ತೆ ಕೂರಿಸುವಾಗ ಬಾಗಿಲು ತಲೆಕೆಳಗು. ಚಿಕ್ಕಮ್ಮ ಎರಡೂ ಹೊಸ ಕಣ್ಣಿನಿಂದ ಕೂತು ನೋಡುತ್ತಿದ್ದವಳು, ಕೊನೆಯ ತಿರುಪು ಬಿಗಿಯುವವರೆಗೂ ಬಾಯಿ ಬಿಡಲಿಲ್ಲ.

ಲ್ಯಾನ್ಸಿಂಗ್‌ನ ಮೇಷ್ಟ್ರ ಹೆಂಡತಿಗೆ ಮೊಮ್ಮಗಳು ಹುಟ್ಟಿದ್ದಾಳೆ. ಟೆಕ್ಸಸ್‌ನವಳ ಅಪ್ಪ ನಮ್ಮ ರಾಯ್ಸ್‌ನ ಅಪ್ಪನ ಜೊತೆ ಐಸ್ ಹಾಕಿ ಆಡಿದವನಂತೆ. ಆ ಓಹಾಯೋದವನೂ ಫೋನು ಮಾಡಿದ್ದ! ಒಲೆಯಲ್ಲಿ ಎಷ್ಟು ಹೊತ್ತಿಡಬೇಕೆಂದು ಹೇಳಿದೆ. "ಓ, ಬಿಸಿ ಮಾಡ್ಬೇಕಾ?" ಅಂದ. ಒಂಟಿ ಮನುಷ್ಯ, ಅಡುಗೆಯೇ ಬಾರದು. ಆಲೂಗಡ್ಡೆ ಬೇಯಿಸುವುದನ್ನೂ ಹೇಳಿಕೊಟ್ಟೆ.

ಜನವರಿ 11, ಶನಿವಾರ

ಹಿಮಗಾಳಿಯ ಎರಡನೇ ದಿನ. ನಿನ್ನೆ ಸಂಜೆಯಿಂದ ಊರಿನಲ್ಲಿ ವಿದ್ಯುತ್ ಇಲ್ಲ. ಫೋನು, ಇಂಟರ್‌ನೆಟ್ ಯಾವುದೂ ಇಲ್ಲ. ನಮ್ಮ ಹೊಸ ಒಲೆ ಗ್ಯಾಸಿನದು, ಆರ್ವಿಡ್‌ನದು ವಿದ್ಯುತ್ತಿನದು. ಅವನು ಬೆಳಿಗ್ಗೆ ಹಿಟ್ಟು, ಮಾಂಸ, ಒಂದು ಚೀಲ ಕ್ಯಾರೆಟ್ ಎಲ್ಲವನ್ನೂ ಹಿಮದ ಮೇಲೆ ಎಳೆಯುವ ಬಂಡಿಗೆ ಹೇರಿಕೊಂಡು ರಸ್ತೆ ದಾಟಿ ಬಂದ. ನನ್ನ ಒಲೆಗೆ ಕ್ಯಾರೆಟ್ ಹೊಕ್ಕ ಮೊದಲ ದಿನ. ಒಲೆ ಏನೂ ಅನ್ನಲಿಲ್ಲ.

ರಾಯ್ಸ್ ಲಾರಿಯಲ್ಲಿ ಹಿಮ ಗೋರುತ್ತ, ದಾರಿಯಲ್ಲಿ ಸಿಕ್ಕಿಕೊಂಡಿದ್ದ ಗಾಡಿಗಳನ್ನು ಬಾತುಕೋಳಿ ಮರಿಗಳ ಹಾಗೆ ಬೆನ್ನ ಹಿಂದೆ ಸಾಲಾಗಿ ಕರೆತಂದ. ಅಂಗಡಿಯಲ್ಲಿ 'ಕಾಲಿಡಲು ಜಾಗವಿಲ್ಲ' ಎನ್ನುವುದು ಮಾತಿಗಲ್ಲ, ನಿಜಕ್ಕೂ ಇರಲಿಲ್ಲ. ಹಿಮದ ಮೇಲೆ ಓಡುವ ಗಾಡಿಯವರು, ಒಬ್ಬ ಪಾದ್ರಿ, ಒಂದು ಐಸ್‌ ಹಾಕಿ ತಂಡದ ಅರ್ಧ. ದೀಪ ಹಚ್ಚಿದೆವು. ಆರ್ವಿಡ್ ಕಣಕ ಲಟ್ಟಿಸಿದ, ನಾನು ಹೂರಣ ತುಂಬಿದೆ, ಚಿಕ್ಕಮ್ಮ ಅಂಚು ಮಡಿಸಿದಳು. ಯಾವುದರಲ್ಲಿ ರುಟಬೇಗ, ಯಾವುದರಲ್ಲಿ ಕ್ಯಾರೆಟ್ ಎಂಬ ಲೆಕ್ಕ ಮಧ್ಯಾಹ್ನದ ಹೊತ್ತಿಗೆ ತಪ್ಪಿಯೇ ಹೋಯಿತು. ತಿಂದವರು ಯಾರೂ ದೂರಲಿಲ್ಲ.

ಮೂಲೆಯಲ್ಲಿ ಒಬ್ಬಳೇ ಕೂತಿದ್ದ ಹೆಂಗಸು, ಕೆಂಪು ಕೋಟಿನವಳು, ಕೊನೆಯ ತುಣುಕನ್ನೂ ಬಾಯಿಗೆ ಹಾಕಿಕೊಂಡು ನನ್ನ ಹತ್ತಿರ ಬಂದಳು. ಕಣ್ಣಲ್ಲಿ ನೀರಿತ್ತು, ಬಿಸಿಗೋ ಏನೋ.

"ಇಷ್ಟು ರುಚಿಯಾದದ್ದನ್ನ ನಾನು ತಿಂದೇ ಇಲ್ಲ. ನಿಮ್ಮದು ವೆಬ್‌ಸೈಟ್ ಇದೆಯಾ?"

ಮೊದಲು ನಕ್ಕದ್ದು ಚಿಕ್ಕಮ್ಮ. ಕೈಯಲ್ಲಿದ್ದ ಪ್ಯಾಸ್ಟಿಯ ಅಂಚು ಬಿಚ್ಚಿಹೋಗುವಷ್ಟು ನಕ್ಕಳು. ಆಮೇಲೆ ಆರ್ವಿಡ್ ಲಟ್ಟಣಿಗೆ ಬಿಟ್ಟು ಮೇಜು ಹಿಡಿದುಕೊಂಡ. ರಾಯ್ಸ್ ಬಾಗಿಲಿಗೆ ಒರಗಿ, ಟೋಪಿಯಿಂದ ಹಿಮ ಉದುರುವಂತೆ ಅಲುಗಾಡಿದ. ನನಗಂತೂ ಉಸಿರೇ ಸಿಗಲಿಲ್ಲ. ಆ ಹೆಂಗಸು ತಾನು ಏನು ತಪ್ಪು ಕೇಳಿದೆನೆಂದು ಎಲ್ಲರ ಮುಖವನ್ನೂ ನೋಡಿದಳು.

"ಇದೆ ಇದೆ," ಅಂದೆ, ಅವಳ ಕೈ ಹಿಡಿದು. "ಅದೆಲ್ಲೂ ಓಡಿಹೋಗಲ್ಲ."

"ಈ ಸಲ," ಅಂದ ಆರ್ವಿಡ್.

ಅವಳನ್ನು ಒಲೆಯ ಪಕ್ಕಕ್ಕೆ ಕೂರಿಸಿ, ಇನ್ನೊಂದು ಲೋಟ ಕಾಫಿ ಬಗ್ಗಿಸಿದೆ. "ಅದು ಆಮೇಲೆ. ಮೊದ್ಲು ನೀನ್ಯಾರು ಹೇಳಮ್ಮ. ಇಂಥಾ ಗಾಳೀಲಿ ಎಲ್ಲಿಗೆ ಹೊರಟಿದ್ದೆ?"

ಹೆಸರು ಮಾರ್ಗೋ, ಮಿಲ್ವಾಕಿಯವಳು. ಇಲ್ಲಿಂದ ಮುಂದಿನ ಹಾರ್ಬರ್ ಎಂಬ ಊರಿನಲ್ಲಿರುವ ತಂಗಿಯ ಜೊತೆ ಆರು ವರ್ಷದಿಂದ ಮಾತಿಲ್ಲವಂತೆ. ಹೋಗಿ ಬಾಗಿಲು ತಟ್ಟುವುದೋ ಬೇಡವೋ ಎಂದು ದಾರಿಯುದ್ದಕ್ಕೂ ಯೋಚಿಸುತ್ತ ಬರುವಾಗ ಗಾಡಿ ಹಿಮಕ್ಕೆ ಸಿಕ್ಕಿಕೊಂಡಿತಂತೆ.

ಒಲೆಯಲ್ಲಿ ಇನ್ನೊಂದು ತಟ್ಟೆ ಬೇಯುತ್ತಿತ್ತು. ಆರ್ವಿಡ್ ನೋಡಿಕೊಳ್ಳುತ್ತೇನೆ ಎಂದು ಸನ್ನೆ ಮಾಡಿದ. ನಾನು ಕುರ್ಚಿ ಎಳೆದು ಅವಳ ಎದುರಿಗೆ ಕೂತೆ.

"ತಂಗಿ ಹೆಸ್ರೇನು?" ಎಂದು ಕೇಳಿದೆ.